ಅವ್ವಗ ತಂದ ಜಾತೀಫಲಾದಿ ಚೂರ್ಣ

ಉಂಡು ಕೈ ತೊಳೆಯುವಷ್ಟರಲ್ಲಿ ಅವ್ವ ಪಾಯಖಾನೆ ಕಡೆ ಓಡುತ್ತಿದ್ದಳು. ಆರು ತಿಂಗಳಿಂದ ಇದೇ ಪಾಡು. ಎಲ್ಲ ಪರೀಕ್ಷೆ ಮಾಡಿಸಿದರೂ ಏನೂ ಸಿಗಲಿಲ್ಲ. ಕಡೆಗೆ ಕಲಬುರಗಿಯ ಆಯುರ್ವೇದ ವೈದ್ಯರೊಬ್ಬರು ನಾಡಿ ನೋಡಿ, ಗ್ರಹಣಿ, ಅಂದರೆ ಉಂಡದ್ದು ಸರಿಯಾಗಿ ಅರಗದೆ ಮೇಲಿಂದ ಮೇಲೆ ಭೇದಿಯಾಗುವ ಕಾಯಿಲೆ ಎಂದು ಈ ಚೂರ್ಣ ಬರೆದುಕೊಟ್ಟರು. ಅಂಗಡಿಯವರು ಚೀಟಿ ನೋಡದೆ ಕೊಡಲಿಲ್ಲ. ಸರಿಯಾಗಿಯೇ ಮಾಡಿದರು, ಇದರಲ್ಲಿ ಭಂಗಿ ಸೊಪ್ಪಿದೆ.

ಅದೂ ಚಿಟಿಕೆಯಷ್ಟಲ್ಲ. ಆಯುರ್ವೇದದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆಯ ಪ್ರಕಾರ ಜಾಜಿಕಾಯಿ, ಲವಂಗ, ಏಲಕ್ಕಿ, ಕರ್ಪೂರ, ಶುಂಠಿ, ಹಿಪ್ಪಲಿ ಮುಂತಾದವು ಸಮಭಾಗ, ಅವೆಲ್ಲ ಸೇರಿ ಎಷ್ಟೋ ಅಷ್ಟೇ ಭಂಗಿ, ಆಮೇಲೆ ಅಷ್ಟೆಲ್ಲದರ ಸಮ ಸಕ್ಕರೆ. ಅಂದರೆ ಡಬ್ಬಿಯಲ್ಲಿ ಕಾಲುಪಾಲು ಭಂಗಿ, ಅರ್ಧ ಸಕ್ಕರೆ. ಸಕ್ಕರೆ ಕಾಯಿಲೆಯವರು ಇದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಭಂಗಿಯನ್ನು ಶುದ್ಧಿ ಮಾಡಿಯೇ ಹಾಕುತ್ತಾರೆ: ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ, ಹಸಿರು ಬಿಡುವುದು ನಿಲ್ಲುವವರೆಗೆ ತೊಳೆದು, ಒಣಗಿಸಿ, ಆಕಳ ತುಪ್ಪದಲ್ಲಿ ಹುರಿಯುವುದು ಒಂದು ಕ್ರಮ.

ಭಂಗಿ ಎಂದೊಡನೆ ಅವ್ವ ಮುಖ ತಿರುಗಿಸಿದಳು. ಅಥರ್ವವೇದದ 11ನೇ ಕಾಂಡದಲ್ಲಿ ಸೋಮ, ದರ್ಭೆ, ಜವೆಯ ಸಾಲಿನಲ್ಲೇ ಭಂಗವನ್ನೂ ಕರೆದು, ಸಂಕಟದಿಂದ ಬಿಡಿಸಿರೆಂದು ಬೇಡಿಕೊಂಡಿದ್ದಾರೆ ಎಂದೆ. ಅದಕ್ಕೆಲ್ಲ ಕರಗಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ತಾನೇ ನೆನಪು ತೆಗೆದಳು. ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಆಕೆಯ ಅಪ್ಪ ಇದನ್ನೇ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ತಗೋತಿದ್ದನಂತೆ. "ಮೌನಪ್ಪನ ಹೆಸರ ಮ್ಯಾಲ ತಗೋತೀನಿ, ಕೊಡು" ಅಂದಳು.

ಜೇನಿನಲ್ಲಿ ಕಲಸಿ, ದಿನಕ್ಕೆ ಎರಡು ಸಲ ಒಂದೊಂದು ಗ್ರಾಂ. ನಾನೂ ಬೆರಳಿಗೆ ಹಚ್ಚಿ ನೆಕ್ಕಿ ನೋಡಿದೆ. ಮೊದಲು ಕರ್ಪೂರದ ತಂಪು, ಬೆನ್ನಿಗೇ ಮೆಣಸಿನ ಖಾರ, ಕಡೆಗೆ ಒಣಸೊಪ್ಪಿನ ಒಗರು. ಎರಡನೇ ವಾರಕ್ಕೆ ಓಡಾಟ ಕಡಿಮೆಯಾಯಿತು. ಮೂರನೇ ವಾರ ಅವ್ವ ತನ್ನ ತಂಗಿಯ ಮೊಮ್ಮಗನ ಜವಳಕ್ಕೆ ಹೋಗಿ, ಪಂಕ್ತಿಯಲ್ಲಿ ಕೂತು, ಹೋಳಿಗೆ ತಿಂದು, ಎಲ್ಲರ ಜೊತೆ ಎದ್ದಳು. ನನಗೆ ಅಲ್ಲೇ ಕಣ್ಣು ತುಂಬಿತು. ಬಾಯಿ ಒಣಗುವುದು, ಹಗಲು ತೂಕಡಿಕೆ ಇದ್ದವು. ವೈದ್ಯರಿಗೆ ಹೇಳಿದೆ, ಬೆಳಗಿನದು ಬಿಡಿಸಿ ರಾತ್ರಿಯದಷ್ಟೇ ಇಟ್ಟರು.

ಔಷಧ ಒಳ್ಳೆಯದು, ಡಬ್ಬಿ ಚೆನ್ನಾಗಿಲ್ಲ. ಮುಚ್ಚಳ ಸಡಿಲ, ಮಳೆಗಾಲದಲ್ಲಿ ಹತ್ತೇ ದಿನಕ್ಕೆ ಪುಡಿ ಗಂಟು ಕಟ್ಟಿತು. 'ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು' ಎಂಬ ಎಚ್ಚರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕಾನೂನು ಅಷ್ಟನ್ನೇ ಕೇಳುತ್ತದೆ, ನಿಜ. ಆದರೆ ಅವ್ವ ಓದುವುದು ಕನ್ನಡ ಒಂದೇ. ಭಂಗಿಯ ಹೆಸರೂ 'ವಿಜಯಾ' ಎಂದಿದೆ, ಅದು ಯಾರಿಗೆ ತಿಳಿಯಬೇಕು? ನಾನೇ ಮಾರ್ಕರ್ ತಗೊಂಡು ಡಬ್ಬಿಯ ಮೇಲೆ ದಪ್ಪಗೆ ಬರೆದಿಟ್ಟಿದ್ದೇನೆ: 'ಭಂಗಿ ಐತಿ. ಅವ್ವಗ ಅಷ್ಟ. ಹುಡುಗ್ರು ಮುಟ್ಟಬ್ಯಾಡ್ರಿ.'