ಒಗ್ಗಾಣಿ ಮಿರ್ಚಿಯ ಮುಂದೆ ಆಹಾರ ಪರೀಕ್ಷೆ ಕಿಟ್

ರಾಯಚೂರು, ಬಳ್ಳಾರಿ ಕಡೆ ಸೈನ್ಸ್ ಸಾಮಾನಿನ ಅಂಗಡಿಯಲ್ಲಿ ‘ಫುಡ್ ಟೆಸ್ಟ್ ಕಿಟ್’ ಕೇಳಿದರೆ ಒಂದು ರಟ್ಟಿನ ಡಬ್ಬಿ ಕೊಡುತ್ತಾರೆ. ಕಂಪನಿಯ ಹೆಸರು ಇಲ್ಲಿ ಬೇಡ. ಹೆಸರು ಬೇರೆಯಾದರೂ ಒಳಗಿನ ಸರಕು ಹೆಚ್ಚುಕಮ್ಮಿ ಅದೇ. ಇದರಲ್ಲಿ ಅಯೋಡಿನ್ ದ್ರಾವಣ, ಬೆನೆಡಿಕ್ಟ್ ದ್ರಾವಣ, ಶೇ 10ರ ಸೋಡಿಯಂ ಹೈಡ್ರಾಕ್ಸೈಡ್, ಶೇ 1ರ ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣ, ಸುಡಾನ್ 3 ಬಣ್ಣ ಎಂದು ಐದು ಬಾಟಲಿ, ಆರು ಪ್ರನಾಳ, ಒಂದು ಚಿಮಟ, ಒಂದು ಸ್ಪಿರಿಟ್ ದೀಪ ಮತ್ತು ನಾಲ್ಕು ಪುಟದ ಕೈಪಿಡಿ ಇವೆ. ರಾಸಾಯನಿಕಗಳಿಗೆ ಹತ್ತಕ್ಕೆ ಎಂಟು ಅಂಕ ಕೊಡಬಹುದು. ಕೈಪಿಡಿಗೆ ಮೂರು ಕೊಟ್ಟರೆ ಹೆಚ್ಚು.

ಕೈಪಿಡಿ ಬ್ರೆಡ್ಡು, ಆಲೂಗಡ್ಡೆ ಎನ್ನುತ್ತದೆ. ನಮ್ಮ ಕಡೆ ಮಕ್ಕಳು ಮೊದಲು ತರುವುದು ಒಗ್ಗಾಣಿ ಮಿರ್ಚಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಮಂಡಕ್ಕಿಯಲ್ಲಿ ಪಿಷ್ಟ, ಮೇಲೆ ಉದುರಿಸಿದ ಪುಟಾಣಿ (ಹುರಿಗಡಲೆ) ಪುಡಿಯಲ್ಲಿ ಪ್ರೋಟೀನು, ಮಿರ್ಚಿಯಲ್ಲಿ ಎಣ್ಣೆ ಇರುವುದರಿಂದ ತಟ್ಟೆಯೇನೋ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಕಲಸಿದ ಒಗ್ಗಾಣಿಯನ್ನು ಹಾಗೇ ಪ್ರನಾಳಕ್ಕೆ ಹಾಕಿದರೆ ಪರೀಕ್ಷೆಗಳು ದಾರಿ ತಪ್ಪುತ್ತವೆ. ತಪ್ಪು ಕಿಟ್ಟಿನದಲ್ಲ. ಅರಿಶಿನ, ನಿಂಬೆಹುಳಿ, ಉಳ್ಳಾಗಡ್ಡಿ ಮೂರೂ ಒಂದೊಂದು ಪರೀಕ್ಷೆಯನ್ನು ಕೆಡಿಸುತ್ತವೆ.

ಅಯೋಡಿನ್ನಿನಿಂದ ಶುರುಮಾಡಿ. ಒಣ ಮಂಡಕ್ಕಿ 1 ಗ್ರಾಂ ಕುಟ್ಟಿ 10 ಮಿ.ಲೀ. ನೀರಿನಲ್ಲಿ ಒಂದು ನಿಮಿಷ ಕುದಿಸಿ, ಪೂರ್ತಿ ಆರಿಸಿ, ಎರಡು ಹನಿ ಹಾಕಿ. ಕಡುನೀಲಿ ತಕ್ಷಣ ಬರುತ್ತದೆ. ಪಿಷ್ಟದಲ್ಲಿನ ಅಮೈಲೋಸ್ ಎಂಬ ಉದ್ದ ಸರಪಳಿ ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ. ಒಂದು ಸುತ್ತಿಗೆ ಆರು ಗ್ಲೂಕೋಸ್. ಆ ಸುತ್ತಿನ ಒಳಗೆ ಅಯೋಡಿನ್ ಸಾಲಾಗಿ ಕೂತಾಗಲೇ ನೀಲಿ ಕಾಣುವುದು. ಗಂಜಿ ಕುದಿಯುತ್ತಿರುವಾಗ ಹನಿ ಬಿಟ್ಟರೆ ಸುತ್ತು ಸಡಿಲವಾಗಿ ಅಯೋಡಿನ್ ನಿಲ್ಲುವುದಿಲ್ಲ, ಬಣ್ಣ ಬರುವುದಿಲ್ಲ. ಆರಿದ ಮೇಲೆ ಬರುತ್ತದೆ. ಇಷ್ಟು ಮುಖ್ಯವಾದ ಮಾತಿಗೆ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ. ನಿಂಬೆ ಹಿಂಡಿದ ಒಗ್ಗಾಣಿಯಾದರೆ ಇನ್ನೊಂದು ತೊಡಕು: ಅದರ ವಿಟಮಿನ್ ಸಿ ಅಯೋಡಿನ್ನನ್ನು ಅಯೋಡೈಡ್ ಮಾಡಿಬಿಡುತ್ತದೆ, ಮೊದಲ ಹನಿಗಳು ಬಣ್ಣವೇ ಇಲ್ಲದೆ ಮಾಯವಾಗುತ್ತವೆ. ‘ಇದರಲ್ಲಿ ಪಿಷ್ಟ ಇಲ್ಲ’ ಎಂದು ಬರೆಯುವ ಮುನ್ನ ಇನ್ನೂ ನಾಲ್ಕು ಹನಿ ಹಾಕಿ ನೋಡಿ.

ಈ ಬಾಟಲಿಗೆ ರಬ್ಬರ್ ಬುರುಡೆಯ ಡ್ರಾಪರನ್ನೇ ಮುಚ್ಚಳವಾಗಿ ಕೊಟ್ಟಿರುವುದು ದೊಡ್ಡ ದೋಷ. ಅಯೋಡಿನ್ ಆವಿ ರಬ್ಬರನ್ನು ತಿನ್ನುತ್ತದೆ. ನಮ್ಮ ಬೇಸಿಗೆಯಲ್ಲಿ ಆವಿಯೂ ಜಾಸ್ತಿ. ಕಂದು ಗಾಜಿನ, ತಿರುಪಿನ ಮುಚ್ಚಳದ ಬಾಟಲಿಗೆ ಸುರಿದಿಡಿ. ಮುಗಿದರೆ ಹೊಸ ಕಿಟ್ ತರುವ ಅಗತ್ಯವಿಲ್ಲ: ಪೊಟ್ಯಾಸಿಯಂ ಅಯೋಡೈಡ್ 2 ಗ್ರಾಂ ಸ್ವಲ್ಪ ನೀರಿನಲ್ಲಿ ಕರಗಿಸಿ, ಅದಕ್ಕೆ ಅಯೋಡಿನ್ 1 ಗ್ರಾಂ ಸೇರಿಸಿ, ಪೂರ್ತಿ ಕರಗಿದ ಮೇಲೆ 100 ಮಿ.ಲೀ.ಗೆ ತನ್ನಿ. ಬರೀ ನೀರಿಗೆ ಅಯೋಡಿನ್ ಹಾಕಿದರೆ ಕರಗದೆ ತಳ ಹಿಡಿಯುತ್ತದೆ.

ಬೆನೆಡಿಕ್ಟ್ ದ್ರಾವಣ ಒಳ್ಳೆಯದಿದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಕೈಪಿಡಿ ಇದನ್ನು ಬರೀ ‘ಸಕ್ಕರೆ ಪರೀಕ್ಷೆ’ ಎಂದು ಕರೆದಿದೆ. ಮಕ್ಕಳು ಅಡುಗೆಮನೆಯ ಸಕ್ಕರೆ ಹಾಕುತ್ತಾರೆ, ನೀಲಿ ನೀಲಿಯಾಗಿಯೇ ಉಳಿಯುತ್ತದೆ, ಕಿಟ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸು ಬರುತ್ತದೆ! ಅಡುಗೆಮನೆಯ ಸಕ್ಕರೆಯೆಂದರೆ ಸುಕ್ರೋಸ್. ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡೂ ತಮ್ಮ ಅಪಕರ್ಷಣ ತುದಿಯಲ್ಲೇ (ಎಲೆಕ್ಟ್ರಾನ್ ಕೊಡುವ ತುದಿ) ಒಂದಕ್ಕೊಂದು ಬೆಸೆದುಕೊಂಡಿವೆ. ಬೆನೆಡಿಕ್ಟ್ ದ್ರಾವಣದಲ್ಲಿರುವ ತಾಮ್ರಕ್ಕೆ ಎಲೆಕ್ಟ್ರಾನ್ ಕೊಡಲು ತುದಿಯೇ ಖಾಲಿಯಿಲ್ಲ. ಅದೇ ಬೆಲ್ಲದಲ್ಲಿ ಒಡೆದ ಸುಕ್ರೋಸ್ ಒಂದಿಷ್ಟು ಇರುವುದರಿಂದ ಬಣ್ಣ ತಿರುಗುತ್ತದೆ. ಸಕ್ಕರೆಯಲ್ಲೂ ತಿರುಗಬೇಕೆಂದರೆ 2 ಮಿ.ಲೀ. ಸಕ್ಕರೆ ನೀರಿಗೆ 1 ಮಿ.ಲೀ. ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕುದಿಯುವ ನೀರಿನಲ್ಲಿ ಐದು ನಿಮಿಷ ಇಟ್ಟು, ಆರಿದ ಮೇಲೆ ಅಡುಗೆ ಸೋಡಾವನ್ನು ನೊರೆ ನಿಲ್ಲುವ ತನಕ ಚಿಟಿಕೆ ಚಿಟಿಕೆಯಾಗಿ ಸೇರಿಸಿ. ಆಮ್ಲ ಉಳಿದರೆ ಬೆನೆಡಿಕ್ಟ್ ದ್ರಾವಣದ ಕ್ಷಾರ ಸತ್ತು ಕೆಂಪು ಬರುವುದಿಲ್ಲ. ಈ ಆಮ್ಲ ಕಿಟ್ಟಿನಲ್ಲಿಲ್ಲ, ಬೇರೆ ತರಬೇಕು.

ಅಳತೆ: 2 ಮಿ.ಲೀ. ಬೆನೆಡಿಕ್ಟ್, 2 ಮಿ.ಲೀ. ಮಾದರಿ, ಕುದಿಯುವ ನೀರಿನಲ್ಲಿ ಐದು ನಿಮಿಷ. ಹಸಿರು ಬಂದರೆ ಅಲ್ಪ, ಇಟ್ಟಿಗೆ ಕೆಂಪು ಬಂದರೆ ಧಾರಾಳ. ಚಿಮಟದಲ್ಲಿ ಹಿಡಿದು ನೇರ ದೀಪಕ್ಕೆ ಒಡ್ಡಿ ಎಂದು ಕೈಪಿಡಿ ಹೇಳುವುದನ್ನು ಕೇಳಬೇಡಿ, ಪ್ರನಾಳದ ಬಾಯಿಂದ ಬಿಸಿ ದ್ರಾವಣ ಚಿಮ್ಮುತ್ತದೆ. ಸ್ಟೀಲ್ ಲೋಟದಲ್ಲಿ ನೀರು ಕುದಿಸಿ ಅದರಲ್ಲಿ ನಿಲ್ಲಿಸಿ. ಒಗ್ಗಾಣಿಯಲ್ಲಿ ಕೆಂಪು ಬಂದರೆ ಶ್ರೇಯಸ್ಸು ಮಂಡಕ್ಕಿಗೆ ಕೊಡಬೇಡಿ. ಅದು ಹೆಚ್ಚಾಗಿ ಉಳ್ಳಾಗಡ್ಡಿಯ ಗ್ಲೂಕೋಸು, ಫ್ರಕ್ಟೋಸು.

ಹೆಚ್ಚು ಜನ ಎಡವುವುದು ಪ್ರೋಟೀನಿನ ಬೈಯುರೆಟ್ ಪರೀಕ್ಷೆಯಲ್ಲಿ. ಪುಟಾಣಿ ಪುಡಿ 1 ಗ್ರಾಂ, ನೀರು 10 ಮಿ.ಲೀ.; ಅದರಲ್ಲಿ 2 ಮಿ.ಲೀ. ತೆಗೆದು ಅಷ್ಟೇ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಐದು ನಿಮಿಷ ಬಿಡಿ. ಹುರಿದ ಕಡಲೆಯ ಪ್ರೋಟೀನು ಬರೀ ನೀರಿಗೆ ಸುಲಭವಾಗಿ ಬಿಡುವುದಿಲ್ಲ, ಕ್ಷಾರಕ್ಕೆ ಬಿಡುತ್ತದೆ. ಆಮೇಲೆ ಮೈಲುತುತ್ತದ ದ್ರಾವಣ ಮೂರೇ ಹನಿ. ತಾಮ್ರದ ಅಯಾನನ್ನು, ಪ್ರೋಟೀನಿನಲ್ಲಿ ಅಮೈನೋ ಆಮ್ಲಗಳನ್ನು ಬೆಸೆಯುವ ಪೆಪ್ಟೈಡ್ ಬಂಧಗಳ ನೈಟ್ರೋಜನ್‌ಗಳು ಸುತ್ತ ಹಿಡಿದಾಗ ನೇರಳೆ ಮೂಡುತ್ತದೆ. ಬಿಡಿ ಅಮೈನೋ ಆಮ್ಲಕ್ಕೆ ಈ ಬಣ್ಣ ಬರುವುದಿಲ್ಲ. ಹತ್ತು ಹನಿ ಸುರಿದರೆ ಮಿಕ್ಕ ತಾಮ್ರ ನೀಲಿ ಮುದ್ದೆಯಾಗಿ ನೇರಳೆಯನ್ನು ಮುಚ್ಚುತ್ತದೆ. ಬೇಗ ಆಗಲಿ ಎಂದು ಕಾಯಿಸಿದರೆ ಆ ಮುದ್ದೆ ಕಪ್ಪಾಗುತ್ತದೆ. ಅರಿಶಿನ ಬಿದ್ದ ಮಾದರಿಯಂತೂ ಬೇಡವೇ ಬೇಡ: ಕ್ಷಾರ ತಾಗಿದ ಕೂಡಲೇ ಕೆಂಪಾಗುತ್ತದೆ, ಮೈಲುತುತ್ತ ಬೀಳುವ ಮೊದಲೇ! ಬೋರ್‌ವೆಲ್ಲಿನ ಗಡಸು ನೀರು ಬಳಸಿದರೆ ಬಿಳಿ ಮಬ್ಬು ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಪಕ್ಕದಲ್ಲಿ ಮೊಟ್ಟೆಯ ಬಿಳಿಯದ್ದೊಂದು, ಬರೀ ನೀರಿನದ್ದೊಂದು ಪ್ರನಾಳ ಹೋಲಿಕೆಗೆ ಇರಲಿ.

ಸುಡಾನ್ 3 ಇದ್ದರೂ ಸರಿ, ಇಲ್ಲದಿದ್ದರೂ ನಡೆಯುತ್ತದೆ. ಬಣ್ಣ ಎಣ್ಣೆಯ ಪದರದಲ್ಲಿ ಕರಗಿ ಕೆಂಪಾಗಿ ಮೇಲೆ ನಿಲ್ಲುತ್ತದೆ, ಅಷ್ಟೇ. ಮಿರ್ಚಿಯನ್ನು ಬಿಳಿ ಹಾಳೆಗೆ ಒತ್ತಿ ಬಿಸಿಲಿಗೆ ಹಿಡಿದರೆ ನೀರಿನ ಕಲೆ ಆರುತ್ತದೆ, ಎಣ್ಣೆಯದು ಬೆಳಕನ್ನು ತನ್ನ ಮೂಲಕ ಹಾಯಲು ಬಿಡುತ್ತಾ ಉಳಿಯುತ್ತದೆ.

ಕಿಟ್ಟಿನಲ್ಲಿ ಹೇಳದಿದ್ದರೂ ಇದೇ ಸಾಮಾನಿನಲ್ಲಿ ಆಗುವ ಒಳ್ಳೆಯ ಪ್ರಯೋಗವೆಂದರೆ ಜೊಲ್ಲಿನದು. ಆರಿದ ತೆಳು ಗಂಜಿ 5 ಮಿ.ಲೀ.ಗೆ ಜೊಲ್ಲು 1 ಮಿ.ಲೀ. ಬೆರೆಸಿ, ನಿಮಿಷಕ್ಕೊಮ್ಮೆ ಒಂದು ಹನಿಯನ್ನು ಬಿಳಿ ಟೈಲ್ಸ್ ಮೇಲಿನ ಅಯೋಡಿನ್ ಹನಿಗೆ ಸೇರಿಸುತ್ತಾ ಹೋಗಿ. ಅಮೈಲೇಸ್ ಕಿಣ್ವ ಸರಪಳಿ ಕತ್ತರಿಸಿದಂತೆ ನೀಲಿ ನೇರಳೆಯಾಗಿ, ಕಂದುಗೆಂಪಾಗಿ, ಕೊನೆಗೆ ಅಯೋಡಿನ್ನಿನ ಹಳದಿಯೇ ಉಳಿಯುತ್ತದೆ. ಬೇರೆ ಊರಲ್ಲಿ ಇದಕ್ಕೆ 37 ಡಿಗ್ರಿಯ ನೀರು ಕಾಯಿಸಿಟ್ಟುಕೊಳ್ಳಬೇಕು. ಮೇ ತಿಂಗಳ ರಾಯಚೂರಿನಲ್ಲಿ ಕೋಣೆಯೇ ಸಾಕು.

ಕೈಗವಸು, ಕನ್ನಡಕ ಡಬ್ಬಿಯಲ್ಲಿಲ್ಲ. ಹೈಡ್ರಾಕ್ಸೈಡ್ ತಾಗಿದ ಬೆರಳು ಸಾಬೂನಿನಂತೆ ಜಾರಿದರೆ ಅದು ಚರ್ಮದ ಕೊಬ್ಬನ್ನೇ ಸಾಬೂನು ಮಾಡುತ್ತಿದೆ ಎಂದರ್ಥ. ಹತ್ತು ಹದಿನೈದು ನಿಮಿಷ ನಲ್ಲಿಯ ಕೆಳಗೆ ಹಿಡಿಯಿರಿ. ಈ ಬಾಟಲಿ ಪ್ಲಾಸ್ಟಿಕ್ಕಿನದೇ ಇರಲಿ, ಗಾಜಿನ ಬಿರಡೆ ಹಾಕಿದರೆ ಕಚ್ಚಿಕೊಂಡು ಬಿಡುವುದಿಲ್ಲ.