ಎಂಟನೆಯ ತರಗತಿಗೆ ಮಕ್ಕಳನ್ನು ಮೈಸೂರಿನ ದೊಡ್ಡ ಶಾಲೆಗೆ ಸೇರಿಸುವ ಮುನ್ನ

ಏಳನೆಯ ತರಗತಿ ಮುಗಿದ ಕೂಡಲೇ ಮಕ್ಕಳನ್ನು ಮೈಸೂರಿನ ಹೆಸರಾಂತ ಖಾಸಗಿ ವಸತಿ ಶಾಲೆಗಳಿಗೆ ಸೇರಿಸಲು ಹೊರಟಿರುವ ಮಂಡ್ಯ ಜಿಲ್ಲೆಯ ಪೋಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಪಾಂಡವಪುರ ತಾಲ್ಲೂಕಿನ ಕಬ್ಬು ಬೆಳೆಗಾರ. ನನ್ನ ಮಗಳು ಒಂದರಿಂದ ಏಳನೆಯ ತರಗತಿಯವರೆಗೆ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದಳು. ಎಂಟಕ್ಕೆ ಅವಳನ್ನು ಮೈಸೂರಿನ ಒಂದು ಶಾಲೆಗೆ ಸೇರಿಸಿ, ಅದೇ ಸಂಸ್ಥೆಯ ಕಾಲೇಜಿನಲ್ಲಿ ಪಿಯುಸಿ ಓದಿಸಿದೆ. ಐದು ವರ್ಷಗಳಲ್ಲಿ ಶುಲ್ಕ, ವಸತಿ, ಪುಸ್ತಕ ಎಲ್ಲ ಸೇರಿ ಹನ್ನೊಂದು ಲಕ್ಷ ರೂಪಾಯಿ ದಾಟಿತು.

ನನ್ನನ್ನು ಅಲ್ಲಿಗೆ ಎಳೆದದ್ದು ಆ ಸಂಸ್ಥೆಯ ಫ್ಲೆಕ್ಸ್. ನೂರಾರು ಮಕ್ಕಳ ಭಾವಚಿತ್ರ, ಪ್ರತಿಯೊಂದರ ಕೆಳಗೆ ಒಂದು ಶ್ರೇಯಾಂಕ. ಆ ಫ್ಲೆಕ್ಸನ್ನು ಓದುವ ಬಗೆ ನನಗೆ ತಿಳಿದದ್ದು ಬಹಳ ತಡವಾಗಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ನಂತರ ಎಂಜಿನಿಯರಿಂಗ್, ಕೃಷಿ ವಿಜ್ಞಾನ, ಪಶುವೈದ್ಯ, ಫಾರ್ಮಸಿ, ನರ್ಸಿಂಗ್ ಎಂದು ಬೇರೆ ಬೇರೆ ಶ್ರೇಯಾಂಕ ಪಟ್ಟಿಗಳನ್ನು ಪ್ರಕಟಿಸುತ್ತದೆ. ಆದ್ದರಿಂದ ಜೀವಶಾಸ್ತ್ರವನ್ನೂ ಗಣಿತವನ್ನೂ ತೆಗೆದುಕೊಂಡ ಒಬ್ಬನೇ ಜಾಣ ಹುಡುಗ ಫ್ಲೆಕ್ಸಿನಲ್ಲಿ ನಾಲ್ಕೈದು ಕಡೆ ನಗುತ್ತಿರಬಹುದು. ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್‌ನ ಪರ್ಸೆಂಟೈಲನ್ನು ನಾನು ಶೇಕಡಾವಾರು ಅಂಕವೆಂದೇ ತಿಳಿದಿದ್ದೆ. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಬರೆಯುವ ಪರೀಕ್ಷೆಯಲ್ಲಿ 90 ಪರ್ಸೆಂಟೈಲ್ ಎಂದರೆ ಆ ಹುಡುಗನಿಗಿಂತ ಲಕ್ಷಕ್ಕೂ ಹೆಚ್ಚು ಮಂದಿ ಮುಂದಿದ್ದಾರೆ ಎಂದೇ ಅರ್ಥ. ಒಟ್ಟು ಎಷ್ಟು ಮಕ್ಕಳು ಪರೀಕ್ಷೆ ಬರೆದರು ಎಂಬ ಸಂಖ್ಯೆ ಮಾತ್ರ ಆ ಫ್ಲೆಕ್ಸಿನಲ್ಲಿ ಎಲ್ಲಿಯೂ ಇರಲಿಲ್ಲ, ನಾನೂ ಕೇಳಲಿಲ್ಲ.

ಒಂಬತ್ತನೆಯ ತರಗತಿಯ ಆರಂಭದಲ್ಲಿ ಒಂದು ಪರೀಕ್ಷೆ ನಡೆಸಿ ಮಕ್ಕಳನ್ನು ವಿಭಾಗಗಳಾಗಿ ಒಡೆದರು. ನನ್ನ ಮಗಳು ಮೂರನೆಯ ವಿಭಾಗಕ್ಕೆ ಬಿದ್ದಳು. ಅನುಭವಿ ಅಧ್ಯಾಪಕರೆಲ್ಲ ಮೊದಲನೆಯ ವಿಭಾಗಕ್ಕೆ ಹೋದರು, ಮುಂದೆ ಫ್ಲೆಕ್ಸಿಗೆ ಏರಿದ ಮುಖಗಳೂ ಬಹುತೇಕ ಅಲ್ಲಿಯವೇ. ಪಿಯುಸಿಯಲ್ಲಿ ಜೆಇಇ ಪ್ರಶ್ನೆಗಳ ಅಭ್ಯಾಸವೇ ಹೆಚ್ಚಾಗಿ, ಪಠ್ಯಪುಸ್ತಕ ಕೊನೆಯ ಎರಡು ತಿಂಗಳಿಗೆ ಉಳಿಯಿತು. ಎಂಜಿನಿಯರಿಂಗ್ ಶ್ರೇಯಾಂಕಕ್ಕೆ ಸಿಇಟಿಯ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ ಎಂಬುದು ಗೊತ್ತಿದ್ದೂ ಹೀಗೆ ಮಾಡಿದರು.

ಇಷ್ಟನ್ನಾದರೂ ಸಹಿಸಬಹುದಿತ್ತು. ನಿಜವಾದ ಪೆಟ್ಟು ಬಿದ್ದದ್ದು ಸಿಇಟಿ ಅರ್ಜಿ ತುಂಬಲು ಕುಳಿತಾಗ. ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಇದೆ. ಇದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಆಗಬೇಕು. ನಾವು ಕಚೇರಿಗೆ ಹೋದಾಗ ಅಲ್ಲಿನ ಗುಮಾಸ್ತರು ಕಾಗದಗಳನ್ನು ಒಮ್ಮೆ ತಿರುವಿ, "ಏಳು ವರ್ಷ ಇದೆಯಲ್ಲ ಸ್ವಾಮಿ, ಇನ್ನು ಮೂರು ಎಲ್ಲಿ?" ಎಂದು ಕೇಳಿದರು. ಏಳು ವರ್ಷ ಓದಿದ್ದಕ್ಕೆ ಏಳರಷ್ಟು ಲಾಭ ಎಂಬುದು ಇಲ್ಲಿಲ್ಲ. ಮೂರು ವರ್ಷ ಕಡಿಮೆಯಾದರೆ ಎಲ್ಲವೂ ಹೋದಂತೆಯೇ. ನಮ್ಮದು ಹಿಂದುಳಿದ ವರ್ಗಗಳಲ್ಲಿ 3ಎ ಪ್ರವರ್ಗ. ಊರಿನಲ್ಲಿಯೇ ಹತ್ತನೆಯ ತರಗತಿ ಮುಗಿಸಿದ್ದರೆ ಮಗಳು 3ಎಆರ್ (ಗ್ರಾಮೀಣ) ಮತ್ತು 3ಎಕೆ (ಕನ್ನಡ ಮಾಧ್ಯಮ) ಎರಡರಲ್ಲಿಯೂ ಅರ್ಹಳಾಗುತ್ತಿದ್ದಳು. ಈಗ ಎಲ್ಲರಿಗೂ ತೆರೆದ ಸಾಮಾನ್ಯ ಅರ್ಹತೆಯ ಸೀಟುಗಳನ್ನು ಬಿಟ್ಟರೆ, ಅವಳಿಗೆ ಉಳಿದದ್ದು ಪ್ರವರ್ಗದ ಸಾಮಾನ್ಯ ಸೀಟುಗಳಾದ 3ಎಜಿ ಮಾತ್ರ.

ಅವಳು ಬಯಸಿದ್ದು ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್. ಅಣಕು ಸೀಟು ಹಂಚಿಕೆಯಿಂದ ಕೊನೆಯ ಸುತ್ತಿನವರೆಗೂ ಕಾದರೂ ಅದು ಬರಲಿಲ್ಲ. ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ಸಿವಿಲ್ ಸಿಕ್ಕಿತು. 1962ರಿಂದ ನಡೆಯುತ್ತಿರುವ ಒಳ್ಳೆಯ ಕಾಲೇಜದು, ಅದರ ಬಗ್ಗೆ ನನ್ನ ದೂರಿಲ್ಲ. ಆದರೆ ಊರಿನಲ್ಲಿಯೇ ಹತ್ತನೆಯವರೆಗೆ ಓದಿ, ಮಂಡ್ಯದಲ್ಲಿ ಪಿಯುಸಿ ಮಾಡಿದ ಅವಳ ಹಳೆಯ ಸಹಪಾಠಿಗೆ, ಶ್ರೇಯಾಂಕದಲ್ಲಿ ಅವಳಿಗಿಂತ ಹಿಂದಿದ್ದರೂ, ಗ್ರಾಮೀಣ ಮೀಸಲಾತಿಯಲ್ಲಿ ಮೈಸೂರಿನ ಕಂಪ್ಯೂಟರ್ ಸೈನ್ಸ್ ಸೀಟು ದೊರೆಯಿತು. ಆ ಹುಡುಗಿಗೆ ನ್ಯಾಯವಾಗಿ ಸಲ್ಲಬೇಕಾದದ್ದೇ ಸಂದಿದೆ. ನನ್ನ ಮಗಳ ಕೈಯಲ್ಲಿದ್ದ ಅದೇ ಹಕ್ಕನ್ನು ಹಣ ಕೊಟ್ಟು ಕಳೆದವನು ನಾನು.

ಪ್ರವೇಶದ ದಿನ ಮಗಳ ಹಳ್ಳಿ ಶಾಲೆಯ ವರ್ಗಾವಣೆ ಪತ್ರವನ್ನು ಕೈಯಾರೆ ತೆಗೆದುಕೊಂಡ ಸಂಸ್ಥೆಯವರು ಈ ಒಂದು ಮಾತನ್ನೇಕೆ ಹೇಳಲಿಲ್ಲ ಎಂದು ವಿಚಾರಿಸಿದೆ. ಅದು ಪೋಷಕರು ತಿಳಿದಿರಬೇಕಾದ ವಿಷಯ ಎಂದರು. ಮಾತು ತಪ್ಪಲ್ಲ, ಹಾಗಾಗಿಯೇ ಇಲ್ಲಿ ಬರೆಯುತ್ತಿದ್ದೇನೆ. ಸೇರಿಸಲೇಬೇಕೆಂದಿದ್ದರೆ ಶಾಲೆಯ ಕಟ್ಟಡ ಇರುವುದು ಗ್ರಾಮ ಪಂಚಾಯಿತಿಯಲ್ಲೋ ನಗರದ ವ್ಯಾಪ್ತಿಯಲ್ಲೋ ಎಂಬುದನ್ನು ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೇಳಿಕೊಳ್ಳಿ, ಶಾಲೆಯವರ ಬಾಯಿಮಾತನ್ನು ನಂಬಬೇಡಿ. ಕಳೆದ ವರ್ಷ ಪರೀಕ್ಷೆ ಬರೆದವರೆಷ್ಟು, ಸರ್ಕಾರಿ ಕೋಟಾದ ಸೀಟು ಪಡೆದವರೆಷ್ಟು, ಮಗುವನ್ನು ಯಾವ ವಿಭಾಗದಲ್ಲಿ ಕೂರಿಸುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಕೋಚಿಂಗ್ ಕೇಂದ್ರಗಳ ಸುಳ್ಳು ಜಾಹೀರಾತು ತಡೆಯಲು ಮಾರ್ಗಸೂಚಿ ಹೊರಡಿಸಿದೆ. ಭಾವಚಿತ್ರ ಹಾಕಿದ ವಿದ್ಯಾರ್ಥಿ ಯಾವ ಕೋರ್ಸನ್ನು ಎಷ್ಟು ಕಾಲ ಓದಿದ ಎಂಬುದನ್ನು ಅದರ ಪ್ರಕಾರ ತಿಳಿಸಲೇಬೇಕು. ಮೋಸದ ಜಾಹೀರಾತಿನ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಬಹುದು.

ಕಳೆದ ವಾರ ಅದೇ ಸಂಸ್ಥೆಯಿಂದ ಕರೆ ಬಂದಿತ್ತು. ಈಗ ಏಳನೆಯ ತರಗತಿಯಲ್ಲಿರುವ ನನ್ನ ಮಗನನ್ನು ಸೇರಿಸಿದರೆ, ಅಕ್ಕ ಅಲ್ಲಿ ಓದಿದ್ದಳೆಂಬ ಕಾರಣಕ್ಕೆ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತಾರಂತೆ. ಅವನು ಹತ್ತನೆಯ ತರಗತಿಯವರೆಗೆ ಊರಿನಲ್ಲಿಯೇ ಓದುತ್ತಾನೆ ಎಂದು ಹೇಳಿ ಫೋನ್ ಇಟ್ಟೆ.