ಜಿಮ್ ಟ್ರೈನರ್‌ಗಳ ಕೆಲಸದ ತೃಪ್ತಿ ಅಳೆಯಲು: 20 ಪ್ರಶ್ನೆಯೋ, 36 ಹೇಳಿಕೆಯೋ?

ಶಿವಮೊಗ್ಗದ ವಿನೋಬನಗರದಲ್ಲೋ ಗೋಪಾಳದಲ್ಲೋ ಆರೇಳು ಟ್ರೈನರ್‌ಗಳನ್ನಿಟ್ಟುಕೊಂಡು ಜಿಮ್ ನಡೆಸುವವರು ಆರಿಸಬೇಕಾದ್ದು ಎರಡರಲ್ಲಿ ಒಂದನ್ನು: ಕೆಲಸದ ತೃಪ್ತಿ ಅಳೆಯುವ 1967ರ ಮಿನೆಸೋಟ ಪ್ರಶ್ನಾವಳಿಯ ಕಿರುರೂಪ, ಇಲ್ಲವೇ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಪೆಕ್ಟರ್ 1985ರಲ್ಲಿ ಪ್ರಕಟಿಸಿದ ಜೆಎಸ್‌ಎಸ್ (ಜಾಬ್ ಸ್ಯಾಟಿಸ್‌ಫ್ಯಾಕ್ಷನ್ ಸರ್ವೆ).

ಮಿನೆಸೋಟ ಕಿರುರೂಪದಲ್ಲಿ 20 ಪ್ರಶ್ನೆ, ತಲಾ 1ರಿಂದ 5 ಅಂಕ. ಬೆಳಗಿನ ಬ್ಯಾಚ್ ಮುಗಿದ ಮೇಲೆ ಕೊಟ್ಟರೆ ಬೇಸರವಿಲ್ಲದೆ ತುಂಬಿಕೊಡುತ್ತಾರೆ. ಆದರೆ ಕೆಲಸದಲ್ಲಿ ಸಿಗುವ ಖುಷಿ ಎಷ್ಟು, ಹೊರಗಿನ ಸವಲತ್ತು ಎಷ್ಟು ಎಂಬುದಕ್ಕಿಂತ ಆಚೆ ಹೋಗುವುದಿಲ್ಲ.

ಜೆಎಸ್‌ಎಸ್‌ನಲ್ಲಿ 9 ವಿಭಾಗ, ತಲಾ 4 ಹೇಳಿಕೆ, ಅಂಕ 1ರಿಂದ 6. ಟ್ರೈನರ್‌ಗಳಿಗೆ ಇದೇ ವಾಸಿ. 'ಕೆಲಸದ ಸ್ವರೂಪ'ಕ್ಕೆ 24ಕ್ಕೆ 21 ಕೊಟ್ಟವರೇ 'ಸಂಬಳ'ಕ್ಕೆ 9 ಕೊಟ್ಟಿರಬಹುದು. ಒಟ್ಟು ಮೊತ್ತ ನೋಡಿದರೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಮುಂದಿನ ತಿಂಗಳು ಆ ಟ್ರೈನರ್ ಬೆಂಗಳೂರಿನ ಬಸ್ ಹತ್ತಿರುತ್ತಾರೆ! ಎಡವುವುದು ಲೆಕ್ಕದಲ್ಲಿ. ಸುಮಾರು ಅರ್ಧದಷ್ಟು ಹೇಳಿಕೆಗಳು ನಕಾರಾತ್ಮಕ, ಅಂದರೆ ಒಪ್ಪಿದಷ್ಟೂ ಅತೃಪ್ತಿ ಹೆಚ್ಚೆಂದು ಅರ್ಥ. ಅವುಗಳ ಅಂಕವನ್ನು 7ರಿಂದ ಕಳೆದು ಬರೆಯಬೇಕು. 2 ಎಂದು ಗುರುತು ಹಾಕಿದ್ದರೆ 5. ಇದನ್ನು ಮರೆತರೆ ಎಲ್ಲರೂ ಒಟ್ಟು ಮೊತ್ತದ (36ರಿಂದ 216) ನಟ್ಟನಡುವಿನ 126ರ ಆಸುಪಾಸಿಗೆ ಬಂದು ನಿಲ್ಲುತ್ತಾರೆ.

ಬೆಳಗ್ಗೆ-ಸಂಜೆ ಒಡೆದ ಪಾಳಿ, ಪರ್ಸನಲ್ ಟ್ರೈನಿಂಗ್ ಕಮಿಷನ್, ಆಷಾಢದ ಮಳೆಯಲ್ಲಿ ಮೆಂಬರ್‌ಗಳು ಕಮ್ಮಿಯಾದಾಗಿನ ಆದಾಯ, ಇವನ್ನು ಎರಡೂ ನೇರವಾಗಿ ಕೇಳುವುದಿಲ್ಲ. ಮೂರು ಪ್ರಶ್ನೆ ಕೊನೆಗೆ ಸೇರಿಸಿ, ಅಂಕ ಮಾತ್ರ ಪ್ರತ್ಯೇಕ ಇಡಿ. ಹೆಸರು, ವಯಸ್ಸು, ಸರ್ವಿಸ್ ಯಾವುದನ್ನೂ ಕೇಳಬೇಡಿ. ಕೇಳಿದರೆ ಆರೇಳು ಜನರಲ್ಲಿ ಯಾರು ಬರೆದದ್ದೆಂದು ಕೂಡಲೇ ಗೊತ್ತಾಗುತ್ತದೆ. ಹಾಳೆಗಳನ್ನು ಮಾಲೀಕರು ತಾವೇ ಸಂಗ್ರಹಿಸದೆ ಹೊರಗಿನವರೊಬ್ಬರಿಗೆ ವಹಿಸುವುದು ಒಳ್ಳೆಯದು.